ಮ್ಯಾಗ್ನೆಟ್ ಅಂಟದ ಜಾಗ

ಮಾರ್ಚ್ ೧೧, ಮಂಗಳವಾರ

ನಮ್ಮ ಗ್ಯಾರೇಜಿಗೆ ಬಂದ ಮೇಷ್ಟ್ರ ಹಳೆಯ ಕಾರಿನ ಎಡಬಾಗಿಲ ಕೆಳಭಾಗಕ್ಕೆ ಮ್ಯಾಗ್ನೆಟ್ ಅಂಟಲಿಲ್ಲ. ಬಣ್ಣ ಉಜ್ಜಿ ನೋಡಿದರೆ ಅಲ್ಲಿ ತಗಡೇ ಇಲ್ಲ. ತುಕ್ಕು ತಿಂದ ತೂತಿಗೆ ದಿನಪತ್ರಿಕೆ ತುರುಕಿ, ಮೇಲೆ ಪುಟ್ಟಿ ಬಳಿದಿತ್ತು.

ಪಕ್ಕದಲ್ಲಿದ್ದ ಮೇಷ್ಟ್ರು ಉರಿದುಬಿದ್ದರು. "ಯಾವ ಕಳ್ಳನೋ ಇದು ಮಾಡಿದ್ದು? ನಿಮ್ಮಪ್ಪ ಅಂತೂ ಅಲ್ಲ ಬಿಡು. ಬೇರೆ ತಗಡು ಹಾಕಿ ಬೆಸೀದೆ ಗಾಡಿ ಆಚೆ ಬಿಡ್ತಿರಲಿಲ್ಲ ಅವರು. ಈ ಪುಣ್ಯಾತ್ಮ ಸಿಕ್ಕಿದ್ರೆ ಇದೇ ಪುಟ್ಟೀಲಿ ಹಲ್ಲುಜ್ಜಿಸ್ತಿದ್ದೆ!"

ನಗಬೇಕಾಯಿತು, ನಕ್ಕೆ.

ಅವರು ಹೋದ ಮೇಲೆ ಪತ್ರಿಕೆ ಬಿಡಿಸಿದೆ. ಹದಿನೆಂಟು ವರ್ಷ ಹಿಂದಿನದು, ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳದ್ದು. ಹಿಂಬದಿಯ ಪದಬಂಧ ಅರ್ಧ ತುಂಬಿದೆ. ಅಕ್ಷರ ನನ್ನದೇ. ಆಗ ನನಗೆ ವೆಲ್ಡಿಂಗ್ ಸರಿಯಾಗಿ ಕೂರುತ್ತಿರಲಿಲ್ಲ. ಬರುವುದಿಲ್ಲ ಎಂದು ಹೇಳಲು ನಾಚಿಕೆ. ಮೇಷ್ಟ್ರ ಮೊಮ್ಮಗಳು ಶಾಲೆಗೆ ಹೋಗಿಬಂದದ್ದೆಲ್ಲ ಆ ಬಾಗಿಲಿಗೆ ಒರಗಿಕೊಂಡೇ.

ನಾಳೆ ಮೇಷ್ಟ್ರಿಗೆ ಹೇಳುತ್ತೇನೆ. ಬೈಯಲಿ. ತಗಡು ಕತ್ತರಿಸಿ ಇಟ್ಟಾಗಿದೆ.

ಆದರೆ ಆ ತಿಂಗಳು ನಾನೊಬ್ಬನೇ ಮುಗಿಸಿ ಕಳಿಸಿದ ಗಾಡಿಗಳು ನಾಲ್ಕು. ಒಂದು ಇದು. ಇನ್ನೊಂದು ಹಾಲಿನವರ ಬಿಳಿ ವ್ಯಾನು. ಉಳಿದೆರಡು ಯಾರವು? ಒಂದರ ಬಣ್ಣ ನೀಲಿ ಇರಬೇಕು, ಇಲ್ಲ ಹಸಿರೋ…