ಪಕ್ಕದ ಮಗು

ಟೋಂಗಾದ ಮೆಲೆನೈಟೆ ಅಕ್ಕನಿಗೆ, ತುವಾಲುವಿನ ಸಿಕಿನೋ ಮೇಷ್ಟ್ರಿಂದ.

ಫಿಜಿಯ ಸಭೆಯಲ್ಲಿ ಒಂಬತ್ತು ದೇಶದ ಮೇಷ್ಟ್ರುಗಳು ತಾವು ಕಲಿಸುವ ಕ್ರಮ ಹೇಳಿಕೊಂಡರಲ್ಲ, ಅದರಲ್ಲಿ ನಾನು ಊರಿಗೆ ತಂದದ್ದು ನಿಮ್ಮದೊಂದನ್ನೇ. "ಕಲಿತ ಮಗು ಪಕ್ಕದ ಮಗುವಿಗೆ ಹೇಳಿಕೊಡ್ಲಿ. ನೀನು ಬಾಯ್ಮುಚ್ಕೊಂಡು ಕೂತ್ಕೋ ತಮ್ಮಾ" ಅಂದಿದ್ದಿರಿ.

ಫಲ ಸಿಕ್ಕಿತು ಅಕ್ಕ. ನಮ್ಮ ದ್ವೀಪದ ಶಾಲೆಯ ಆರು ಮಕ್ಕಳೂ ಭಾಗಾಕಾರ ಕಲಿತರು. ಮುಂದಿನ ಸಭೆಯಲ್ಲಿ ಹಾಗೆಂದೇ ಹೇಳಿ.

ಆಮೇಲೆ ಐವರು ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ರಾಜಧಾನಿಗೆ ಹೋದರು. ಈಗ ಶಾಲೆಗೆ ಬರುವವಳು ಒಂಬತ್ತು ವರ್ಷದ ಪೆನಿನಾ ಒಬ್ಬಳೇ. ಪಕ್ಕದ ಮಗು ಇಲ್ಲದ್ದರಿಂದ ಅದರ ಚಾಪೆಯ ಮೇಲೆ ನಾನೇ ಕೂರುತ್ತೇನೆ. ಬೇಕೆಂದೇ ಲೆಕ್ಕ ತಪ್ಪುತ್ತೇನೆ, ಅವಳು ಹೇಳಿಕೊಡುತ್ತಾಳೆ. ನಿನ್ನೆ ಸೀಮೆಸುಣ್ಣ ಕೆಳಗಿಟ್ಟು, "ನೀವು ಸುಳ್ಳುಸುಳ್ಳೇ ತಪ್ಪು ಮಾಡ್ತೀರ ಸಾರ್. ನಿಜವಾಗ್ಲೂ ಗೊತ್ತಿಲ್ದೇ ಇರೋರು ಯಾರೂ ಇಲ್ವಾ?" ಅಂದಳು.

ಅವಳ ಅಪ್ಪ ಮನೆಗೆ ಹೊಸ ಗರಿ ಹೊದಿಸಲು ಶುರು ಮಾಡಿದ್ದ. ಅರ್ಧಕ್ಕೆ ನಿಂತು ಹತ್ತು ದಿನವಾಯಿತು. ದಿನಾ ಸಂಜೆ ಆ ದಾರಿಯಲ್ಲೇ ಹೋಗಿ ಬರುತ್ತೇನೆ. ನೀವೂ ಹಡಗು ಹತ್ತುತ್ತೀರಾ ಎಂದು ಇನ್ನೂ ಕೇಳಿಲ್ಲ.

ಒಂದು ಉಪಕಾರ ಮಾಡಿ. ನಿಮ್ಮ ಮಕ್ಕಳು ಭಾಗಾಕಾರ ಮಾಡಿದ ಹಾಳೆಗಳಲ್ಲಿ ತಪ್ಪಿರುವುದನ್ನೇ ಆರಿಸಿ, ಮುಂದಿನ ತಿಂಗಳ ಹಡಗಿಗೆ ಸಿಗುವಂತೆ ಕಳಿಸಿಕೊಡಿ. ಕೆಂಪು ಶಾಯಿ ಮುಟ್ಟಿಸಬೇಡಿ. ಪ್ರತಿ ಹಾಳೆಯ ಮೇಲೂ ಮಗುವಿನ ಹೆಸರಿರಲಿ. ಪಕ್ಕದಲ್ಲಿ ಯಾರು ಕೂತಿದ್ದಾರೆಂದು ಪೆನಿನಾಗೆ ಗೊತ್ತಾಗಬೇಕು.

ನಿಮ್ಮ ಕ್ರಮವನ್ನು ಇನ್ನೂ ಬಿಡದ ತಮ್ಮ,
ಸಿಕಿನೋ