ನಾನೂರ ಹನ್ನೆರಡು ಪುಸ್ತಕಗಳನ್ನು ನಾನೊಬ್ಬಳೇ ಓದಿಲ್ಲ

ಮಾನ್ಯ ಶಿಕ್ಷಣಾಧಿಕಾರಿಗಳೇ,

ಒಂದೇ ತಿಂಗಳಲ್ಲಿ ನಾನು ನಾನೂರ ಹನ್ನೆರಡು ಪುಸ್ತಕಗಳನ್ನು ಸ್ವಂತಕ್ಕೆ ಒಯ್ದಿದ್ದೇನೆಂದೂ, ನಮ್ಮ ಶಾಲೆಯ ಗ್ರಂಥಾಲಯಕ್ಕೆ ನನ್ನ ಹೊರತು ಒಬ್ಬ ಓದುಗನೂ ಇಲ್ಲವೆಂದೂ, ಆದಕಾರಣ ನಾಲ್ಕೂ ಕಪಾಟುಗಳನ್ನು ತಾಲ್ಲೂಕಿನ ಗೋದಾಮಿಗೆ ಸಾಗಿಸಿ ಕೋಣೆಯನ್ನು ತೆರವು ಮಾಡತಕ್ಕದ್ದೆಂದೂ ತಮ್ಮ ನೋಟಿಸು ಅಪ್ಪಣೆ ಕೊಡಿಸಿದೆ. ಏಳು ದಿನದೊಳಗೆ ಸಮಜಾಯಿಷಿ ಬೇಕಂತೆ. ಕೊಡುತ್ತಿದ್ದೇನೆ. ಹೀಗೆ ಊರೆದುರು ಕೊಡಲು ಕಾರಣವಿಷ್ಟೇ: ತಮ್ಮ ಆ್ಯಪಿನ ಉತ್ತರದ ಚೌಕದಲ್ಲಿ ಇನ್ನೂರು ಅಕ್ಷರಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ನನ್ನ ಹೆಸರು, ಹುದ್ದೆ, ಶಾಲೆಯ ಪೂರ್ಣ ವಿಳಾಸ ಬರೆಯುವಷ್ಟರಲ್ಲಿ ಅದು ತುಂಬಿ ತುಳುಕಿತು.

ಮಾಲವಣದಾಚೆಯ ಈ ಬೆಸ್ತರ ಊರಿನ ಶಾಲೆಯಲ್ಲಿ ನಾನು ಮೂವತ್ತೊಂದು ವರ್ಷಗಳಿಂದ ಗ್ರಂಥಪಾಲಕಿ; ಇಲ್ಲಿ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನೂ ಎಲ್ಲರೂ 'ಬಾಯಿ' ಎಂದೇ ಕರೆಯುತ್ತಾರೆ. ಕಳೆದ ಜೂನಿನವರೆಗೆ ನನ್ನ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ನನಗೆ ಬರುತ್ತಿದ್ದದ್ದು ಎರಡೇ ಕೆಲಸ, ಹಸಿರು ಗುಂಡಿ ಮತ್ತು ಕೆಂಪು ಗುಂಡಿ. ಆಗ ತಮ್ಮ ಸುತ್ತೋಲೆ ಬಂತು. ಇನ್ನು ಮೇಲೆ ಪುಸ್ತಕ ಕೊಡುವುದೂ ಪಡೆಯುವುದೂ ಆ್ಯಪಿನಲ್ಲೇ, ವಹಿಗಳನ್ನು ಮುಚ್ಚತಕ್ಕದ್ದು. ಪರದೆಯ ಫೋನನ್ನು ನನ್ನ ದುಡ್ಡಿನಲ್ಲೇ ಕೊಂಡೆ. ತಾವು ಒಂದು ದಿನದ ತರಬೇತಿಯನ್ನು ದಯಪಾಲಿಸಿದಿರಿ. ಅಲ್ಲಿ ನಾನು ಪರದೆಯನ್ನು ಎಷ್ಟು ಒತ್ತಿದರೂ ಫೋನಿಗೆ ನಾನು ಅಲ್ಲಿರುವುದೇ ತಿಳಿಯಲಿಲ್ಲ. ಮೂರು ದಶಕ ಪುಸ್ತಕದ ಧೂಳಿನಲ್ಲಿ ಒಣಗಿದ ಬೆರಳಲ್ಲವೇ? ಪುಟ ತಿರುವುವ ಅಭ್ಯಾಸದಂತೆ ಬೆರಳನ್ನು ನಾಲಗೆಗೆ ತಾಗಿಸಿ ಒತ್ತಿದೆ. ತರಬೇತಿ ಕೊಡಲು ಬಂದ ತರುಣ ಕಿರುಚಿಕೊಂಡ: "ಬಾಯೀ, ಎಂಜಲು ಹಚ್ಚಬೇಡಿ! ಇದು ಫೋನು!" ಹಿಂದಿನ ಸಾಲಿನಲ್ಲಿ ಇನ್ನೂ ಏಳು ಗ್ರಂಥಪಾಲಕರು ಮೆಲ್ಲಗೆ ಬೆರಳು ಒರೆಸಿಕೊಂಡರು. ಇದೂ ದಾಖಲಾಗಲಿ.

ಅಂದು ಕಲಿಯದ್ದನ್ನು ನನಗೆ ಕಲಿಸಿದವಳು ಶಾಲೆಯ ಗೇಟಿನ ಬಳಿ ಮೀನು ಮಾರುವ ಶೆವಂತಾ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಮೊಣಕೈವರೆಗೆ ಮೀನಿನ ಸಿಪ್ಪೆ ಮೆತ್ತಿಕೊಂಡೇ, ಒಂದು ಕಿರುಬೆರಳಿನಲ್ಲಿ ಅರವತ್ತು ಮನೆಗಳ ವ್ಯಾಪಾರವನ್ನು ಫೋನಿನಲ್ಲೇ ನಡೆಸುತ್ತಾಳೆ.

"ಬರೆಯೋದ್ಯಾಕೆ ಬಾಯೀ? ಈ ಮೈಕಿನ ಚಿತ್ರ ಒತ್ತಿ ಹಿಡ್ಕೊಳ್ಳಿ, ಮಾತಾಡಿ, ಬಿಡಿ. ಬೈಬೇಕು ಅಂದ್ರೂ ಹಂಗೇನೇ. ಬರೆದು ಬೈದ್ರೆ ಏನು ಮಜಾ?"

"ತಪ್ಪು ಒತ್ತಿದರೆ ಸಿಡೀತದೇನೇ?"

"ಸಿಡಿಯೋ ಹಾಗಿದ್ರೆ ನನ್ನ ಗಂಡನ ಕೈಯಲ್ಲಿ ಯಾವತ್ತೋ ಸಿಡೀತಿತ್ತು!"

ಅಂದು ಸಂಜೆ ನಾನು ಜೀವಮಾನದ ಮೊದಲ ಧ್ವನಿಸಂದೇಶವನ್ನು ಕಳಿಸಿದೆ. ಶೆವಂತಾಳಿಗೆಂದೇ ಕಳಿಸಿದ್ದು. ಹೋದದ್ದು ಮಾತ್ರ ಜಿಲ್ಲಾ ಗ್ರಂಥಪಾಲಕರ ಗುಂಪಿಗೆ. "ಗುರುವಾರ ನಾನು ಖುದ್ದಾಗಿ ತಪಾಸಣೆಗೆ ಬರುತ್ತಿದ್ದೇನೆ" ಎಂಬ ತಮ್ಮ ಸಂದೇಶದ ಕೆಳಗೇ ನನ್ನ ದನಿ ಮೊಳಗಿತು: "ತಲೆ ತೆಗೆದು, ಎರಡು ತುಂಡು ಮಾಡಿ ಇಟ್ಟಿರು, ನಾನೇ ಬಂದು ಒಯ್ತೀನಿ." ಸ್ವಾಮೀ, ಅದು ಬಂಗಡೆ ಮೀನಿನ ಕುರಿತಾದದ್ದೆಂದು ಈ ಮೂಲಕ ಅಧಿಕೃತವಾಗಿ ಸ್ಪಷ್ಟಪಡಿಸುತ್ತೇನೆ. ಆ ಗುರುವಾರ ತಾವು ಬರಲಿಲ್ಲ. ಕಾರಣ ಕೇಳುವ ಅಧಿಕಾರ ನನಗಿಲ್ಲ.

ಆದರೆ ಆಮೇಲೆ ನನಗೆ ಹಿಡಿದ ಹುಚ್ಚಿಗೆ ಮದ್ದಿಲ್ಲ. ಐವತ್ತಾರರ ವಯಸ್ಸಿನಲ್ಲಿ ಹೊಸದಾಗಿ ನಡೆಯಲು ಕಲಿತ ಮಗುವಿನಂತಾದೆ. ಟಾರ್ಚು ಹಚ್ಚಿ ಕಪಾಟಿನಡಿ ಹುಡುಕಿದರೆ ಇಪ್ಪತ್ತು ವರ್ಷಗಳಿಂದ ಕಾಣೆಯಾಗಿದ್ದ ಭೂಪಟ ಸಿಕ್ಕಿತು! ಮೂರನೆಯ ತರಗತಿಯ ಮಕ್ಕಳ ಜಗಳವನ್ನು ಧ್ವನಿಮುದ್ರಿಸಿ ಅವರಿಗೇ ಕೇಳಿಸಿದೆ. ನಗುತ್ತಾ ನಗುತ್ತಾ ರಾಜಿಯಾದರು. ಪೊರೆ ಬಂದ ಕಣ್ಣಿನ ನಮ್ಮ ಅಡುಗೆಯ ಅಜ್ಜಿಗೆ ಪುಟದ ಮೇಲೆ ಫೋನು ಹಿಡಿದರೆ ಅದು ತಾನಾಗಿ ಓದಿ ಹೇಳುವುದನ್ನು ತೋರಿಸಿದೆ. "ಪಾಪ, ಅಷ್ಟು ಚಿಕ್ಕದರೊಳಗೆ ಕೂತು ಓದ್ತಾಳಲ್ಲ, ಅವಳಿಗೊಂದು ಲೋಟ ನೀರು ಕೊಡು" ಎಂದಳು ಅಜ್ಜಿ.

ಈಗ ಆ ನಾನೂರ ಹನ್ನೆರಡರ ಲೆಕ್ಕಕ್ಕೆ ಬರೋಣ. ತಮ್ಮ ಆ್ಯಪಿನಲ್ಲಿ ಓದುಗರಾಗಲು ಪ್ರತಿ ಮಗುವಿಗೂ ಒಂದು ಫೋನ್ ನಂಬರು ಬೇಕು, ಅದಕ್ಕೆ ಬರುವ ಒಟಿಪಿಯನ್ನು ಮೂವತ್ತು ಸೆಕೆಂಡಿನಲ್ಲಿ ಹೇಳಬೇಕು. ನಮ್ಮ ಮಕ್ಕಳ ಮನೆಯ ಫೋನು ಅಪ್ಪಂದಿರ ಜೇಬಿನಲ್ಲಿ, ಅಪ್ಪಂದಿರು ದೋಣಿಯಲ್ಲಿ, ದೋಣಿ ಸಮುದ್ರದ ನಡುವೆ. ದೋಣಿ ದಡ ಸೇರಲು ನಾಲ್ಕು ದಿನ. ಮೂವತ್ತು ಸೆಕೆಂಡಿಗೆ ದಡ ಮುಟ್ಟುವ ದೋಣಿ ಇಲಾಖೆಯ ಬಳಿ ಇದ್ದರೆ ದಯವಿಟ್ಟು ಕಳಿಸಿ, ಊರಿಗೆ ಊರೇ ತಮ್ಮನ್ನು ಪೂಜಿಸುತ್ತದೆ. ಈ ತೊಂದರೆಯ ಬಗ್ಗೆ ಮೂರು ಸಲ ದೂರು ಕೊಟ್ಟೆ. ಮೂರು ಸಲವೂ "ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದಗಳು" ಎಂದು ಉತ್ತರ ಬಂತು. ಪುಸ್ತಕ ಕೇಳಿ ಬಂದ ಮಗುವಿಗೆ ನಾನೇನು ಹೇಳಬೇಕಿತ್ತು? ನಿಮ್ಮಪ್ಪ ಬರಲಿ, ಆಮೇಲೆ ಕಥೆ ಓದುವೆಯಂತೆ ಎನ್ನಲೇ? ಒಂದೊಂದು ಪುಸ್ತಕವನ್ನೂ ನನ್ನ ಹೆಸರಿಗೇ ಬರೆದು ಕೊಟ್ಟೆ.

ಅವರಲ್ಲೊಬ್ಬಳ ಬಗ್ಗೆ ತಮಗೆ ಹೇಳಲೇಬೇಕು. ಏಳನೆಯ ತರಗತಿಯ ಸುಲಭಾ ತಾಂಡೇಲ್. ಮೂರು ವರ್ಷಗಳಿಂದ ಬಿಡುವು ಸಿಕ್ಕಾಗೆಲ್ಲ ಗ್ರಂಥಾಲಯಕ್ಕೆ ಬರುತ್ತಿದ್ದಳು, ಹೊಸ ಪುಸ್ತಕಗಳಿಗೆ ಮುದ್ರೆ ಒತ್ತಿಕೊಡುತ್ತಿದ್ದಳು, ಒಂದನ್ನೂ ಒಯ್ಯುತ್ತಿರಲಿಲ್ಲ. ದಪ್ಪ ಕನ್ನಡಕ ಇತ್ತು. ಹಾಗಾಗಿ ಕಾಣುತ್ತದೆ ಎಂದುಕೊಂಡಿದ್ದೆ. ಓದು ಬೇಡದ ಹುಡುಗಿ, ಇರಲಿ ಎಂದು ಸುಮ್ಮನಿದ್ದೆ. ಒಂದು ದಿನ ಮರಾಠಿ ಕಥೆಪುಸ್ತಕದ ಪುಟವೊಂದರ ಫೋಟೊ ತೆಗೆದು, ಎರಡು ಬೆರಳಿನಿಂದ ಅಗಲಿಸಿ ನೋಡುತ್ತಿದ್ದೆ. ಫೋಟೊದಲ್ಲಿ ಮೀನಿನ ಕಿವಿರು ಕೆಂಪಗಿದೆಯೋ ಇಲ್ಲವೋ ನೋಡಲು ಶೆವಂತಾ ಕಲಿಸಿದ ವಿದ್ಯೆ ಅದು. ಹೆಗಲ ಹಿಂದೆ ನಿಂತಿದ್ದ ಸುಲಭಾ ಬಗ್ಗಿದಳು, ಮೂಗು ಪರದೆಗೆ ತಾಗುವಷ್ಟು ಬಗ್ಗಿದಳು.

"ಬಾಯೀ... ಪುಸ್ತಕದ ಅಕ್ಷರಕ್ಕೂ ತಲೆ ಮೇಲೆ ಗೆರೆ ಇರತ್ತಾ? ಬೋರ್ಡಲ್ಲಿ ಬರೆದ ಹಾಗೇ?"

"ಇಲ್ಲದೆ ಏನು? ಇಷ್ಟು ದಿನ ನಿನಗೆ ಏನು ಕಾಣ್ತಿತ್ತು?"

"ಇರುವೆ ಸಾಲು."

ಮೂರು ವರ್ಷ ನನಗೆ ತಿಳಿಯಲಿಲ್ಲ. ಆ ತಪ್ಪಿಗೆ ತಾವು ನೋಟಿಸು ಕಳಿಸಿದ್ದರೆ ತಲೆ ಬಗ್ಗಿಸಿ ಸ್ವೀಕರಿಸುತ್ತಿದ್ದೆ. ಸುಲಭಾ ಅಂದು ಒಂದು ಪುಟ ಓದಲು ಮುಕ್ಕಾಲು ಗಂಟೆ ತೆಗೆದುಕೊಂಡಳು. ಗಂಟೆ ಹೊಡೆದರೂ ಏಳಲಿಲ್ಲ. ಪುಟದ ಕೊನೆಯಲ್ಲಿ ಒಂದು ಮೊಸಳೆ ತಮಾಷೆಯ ಮಾತಾಡುತ್ತದೆ. ಅದನ್ನು ಓದಿ ಅವಳು ನಕ್ಕ ನಗುವಿಗೆ ಪಕ್ಕದ ತರಗತಿಯ ಗಣಿತ ನಿಂತುಹೋಯಿತು. ತಮ್ಮ ಆ್ಯಪಿನಲ್ಲಿ ಈ ನಗುವನ್ನು ತುಂಬಲು ಯಾವ ಚೌಕವಿದೆ?

ನೋಟಿಸು ಬಂದ ಮರುದಿನ ನಾನು ಮಾಡಿದ್ದನ್ನೂ ಒಪ್ಪಿಕೊಳ್ಳುತ್ತೇನೆ. ಪ್ರಾರ್ಥನೆಯ ಹೊತ್ತಿಗೆ ನಿಂತು ಸಾರಿದೆ: ಎಷ್ಟು ಬೇಕೋ ಅಷ್ಟು ಪುಸ್ತಕ ಒಯ್ಯಿರಿ! ಎರಡು ದಿನದಲ್ಲಿ ಕಪಾಟುಗಳು ಬರಿದಾದವು. ಎಲ್ಲವೂ ನನ್ನ ಹೆಸರಿನಲ್ಲೇ. ಉಳಿದದ್ದು ಹದಿನಾರು ಮಾತ್ರ. ಅವು ಇಲಾಖೆಯ ವಾರ್ಷಿಕ ವರದಿಗಳು, ಯಾರೂ ಕೇಳಲಿಲ್ಲ.

ಸೋಮವಾರ ತಮ್ಮ ಟೆಂಪೊ ಬಂತು. ಇಬ್ಬರು ಇಳಿದು ಕಪಾಟಿನ ಬಾಗಿಲು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು.

"ಪುಸ್ತಕ ಎಲ್ರೀ ಬಾಯೀ?"

"ಓದಲಿಕ್ಕೆ ಹೋಗಿವೆ."

ಹಿರಿಯವನು ಆ್ಯಪು ತೆರೆದು ಗ್ರಂಥಾಲಯ ಮುಚ್ಚುವ ಗುಂಡಿ ಒತ್ತಿದ. ಕೆಂಪು ಅಕ್ಷರದಲ್ಲಿ ಉತ್ತರ ಬಂತು: "ಓದುಗರ ಬಳಿ ಪುಸ್ತಕಗಳಿರುವಾಗ ಮುಚ್ಚಲು ಅವಕಾಶವಿಲ್ಲ." ನಾಲ್ಕು ಸಲ ಒತ್ತಿದ. ನಾಲ್ಕು ಸಲವೂ ಅದೇ. ಮಾನ್ಯರೇ, ತಮ್ಮ ಆ್ಯಪನ್ನು ನಾನು ಬಹಳ ಬೈದಿದ್ದೆ, ಕ್ಷಮಿಸಿ. ಅದನ್ನು ಕಟ್ಟಿದವರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಪುಸ್ತಕ ಓದಿ ಬೆಳೆದವನಿರಬೇಕು!

ಗೇಟಿನಲ್ಲಿ ಶೆವಂತಾ ಅವರನ್ನು ತಡೆದಳು. "ಬರಿಗೈಲಿ ಹೋಗ್ತೀರೇನ್ರೋ? ಕೂತ್ಕೊಳ್ಳಿ, ಚಹಾ ಕುಡೀರಿ." ಕುಡಿದರು. ಟೆಂಪೊ ಖಾಲಿಯಾಗಿ ಹೊರಟಿತು. ಮಕ್ಕಳು ಕಾಂಪೌಂಡಿನ ಮೇಲೆ ಹತ್ತಿ, ಮದುವೆಯ ದಿಬ್ಬಣ ಕಳಿಸಿದಂತೆ ಕೈ ಬೀಸಿದರು.

ಶೆವಂತಾ ಅಂದೇ ಒಳಗೆ ಬಂದು ಹಟ ಹಿಡಿದಳು. "ನನ್ ಹತ್ರ ಫೋನಿದೆ, ಒಟಿಪಿ ಬರತ್ತೆ. ನನ್ನನ್ನೂ ಸೇರಿಸಿ." ವಯಸ್ಸಿನ ಚೌಕ ಇರಲಿಲ್ಲ, ತರಗತಿಯ ಚೌಕ ಮಾತ್ರ ಇತ್ತು. ಹೀಗಾಗಿ ಐದು ಮೊಮ್ಮಕ್ಕಳ ಶೆವಂತಾ ಈಗ ಒಂದನೆಯ ತರಗತಿ ಅ ವಿಭಾಗದಲ್ಲಿದ್ದಾಳೆ. ಒಂದೇ ವಾರದಲ್ಲಿ ನಮ್ಮ ಓದುಗರ ಸಂಖ್ಯೆ ದುಪ್ಪಟ್ಟಾಗಿದೆ. ಜಿಲ್ಲೆಯಲ್ಲಿ ಇಂಥ ಪ್ರಗತಿ ಇನ್ನೆಲ್ಲಿ ಆಗಿದೆ?

ನನ್ನ ಬೇಡಿಕೆಗಳು ದೊಡ್ಡವಲ್ಲ. ನೋಟಿಸನ್ನು ಹಿಂಪಡೆಯಿರಿ. ಓದುಗರನ್ನು ತಲೆಯಿಂದ ಎಣಿಸಿ, ಫೋನಿನಿಂದಲ್ಲ. ಫೋನಿಲ್ಲದ ಮಗುವಿಗೆ ಗ್ರಂಥಪಾಲಕಿಯ ಸಹಿ ಸಾಕೆಂದು ಆದೇಶಿಸಿ. ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಸುಲಭಾ ಓದುತ್ತಿರುವುದು ನನ್ನ ಸ್ವಂತ ಫೋನಿನಲ್ಲಿ. ಒಂದೂವರೆ ವರ್ಷದಲ್ಲಿ ನಾನು ನಿವೃತ್ತಳಾಗುತ್ತೇನೆ, ಫೋನು ನನ್ನ ಜೊತೆ ಮನೆಗೆ ಬರುತ್ತದೆ. ಅಷ್ಟರೊಳಗೆ ಅಕ್ಷರ ದೊಡ್ಡದಾಗಿ ತೋರಿಸುವ ಒಂದು ಪರದೆಯನ್ನು ಶಾಲೆಗೆ ಮಂಜೂರು ಮಾಡಿ. ಆ ಹುಡುಗಿ ಸದ್ಯ ತೊಂಬತ್ತಾರನೆಯ ಪುಟದಲ್ಲಿದ್ದಾಳೆ, ಇನ್ನೂ ನೂರ ನಲವತ್ತು ಪುಟಗಳಿವೆ. ಅವಳ ಕೈಯಿಂದ ಪುಸ್ತಕ ಕಸಿಯಲು ಟೆಂಪೊ ಕಳಿಸಬೇಡಿ. ತಾವೇ ಬನ್ನಿ, ಅವಳು ಓದುವಾಗ ಎದುರಿಗೆ ಕುಳಿತು ಕಸಿದು ನೋಡಿ.

ಇಂತಿ,
ಎಡಗೈಯಲ್ಲಿ ನೋಟಿಸು, ಬಲಗೈಯಲ್ಲಿ ಫೋನು ಹಿಡಿದು, ಚಾರ್ಜು ಶೇಕಡಾ ಹನ್ನೊಂದಕ್ಕಿಳಿದ ಕಾರಣ ಇಲ್ಲಿಗೆ ನಿಲ್ಲಿಸುತ್ತಿರುವ
ಇಂದುಮತಿ ಪರುಳೇಕರ
ಗ್ರಂಥಪಾಲಕಿ (ಸದ್ಯಕ್ಕೆ)