ಎದೆಗಿಟ್ಟುಕೊಂಡ ಪತ್ರಿಕೆ

ಅಪ್ಪಾ,

ತಮ್ಮ ಬಾಸ್ತಿಯಾನನ ಸೈಕಲ್ ಕಳುವಾಗಿಲ್ಲ, ನಾನೇ ತಗೊಂಡು ಹೋಗಿದ್ದೀನಿ. ಅವನು ತೀರಿಕೊಂಡಮೇಲೂ ಪ್ರತಿ ಭಾನುವಾರ ಅದಕ್ಕೆ ಗಾಳಿ ಹೊಡೆದಿಡ್ತೀಯಲ್ಲ, ಯಾರು ಓಡಿಸಲಿ ಅಂತ?

ಚೆಸ್ಟ್‌ನಟ್ ಸೂಪು ಒಲೆ ಮೇಲಿದೆ. ಬಿಸಿ ಮಾಡ್ಕೊಂಡು, ಕೂತ್ಕೊಂಡು ಕುಡಿ. ಮೇಕೆಗಳಿಗೆ ನೀರಿಟ್ಟಿದ್ದೀನಿ.

ಸೈಕಲ್ ತುಳ್ಕೊಂಡು ಹತ್ತಿ ಕಾಸ್ತಾನ್ಯೆ ಘಟ್ಟದ ತುದೀಲಿ ಅವನ ಎದೆಬಡಿತ ನಿಂತುಹೋಯ್ತಲ್ಲ, ಅದೇ ದಾರಿಗೆ ಹೋಗ್ತಿದ್ದೀನಿ. ಹೆದರಬೇಡ, ಅಲ್ಲಿ ಒಂದು ಕಾರೂ ಓಡಾಡಲ್ಲ. ಓಡಾಡ್ತಿದ್ರೆ ಅವನ ಸಾವಿಗೆ ಬೈಯೋದಕ್ಕಾದರೂ ಯಾರೋ ಒಬ್ಬರು ಸಿಕ್ತಿದ್ರು.

ಬೀರು ತೆಗೆದು ಗಾಬರಿಯಾಗಬೇಡ. ಅವನ ಫೋಟೋ ಹಾಕಿ ಸಾವಿನ ಸುದ್ದಿ ಬರೆದಿದ್ದ ಪತ್ರಿಕೆ ನನ್ನ ಹತ್ರ ಇದೆ. "ಇಳಿಯುವಾಗ ಗಾಳಿ ಕೊರೆಯುತ್ತೆ, ಅಂಗಿಯೊಳಗೆ ಎದೆಗೆ ಪೇಪರ್ ಇಟ್ಕೊಳ್ರೋ" ಅಂತ ನೀನೇ ನಮ್ಮಿಬ್ಬರಿಗೂ ಹೇಳ್ತಿದ್ದೆ.

ಹತ್ತಿದವನು ಇಳೀಲೇ ಇಲ್ಲ. ಇವತ್ತು ಅವನನ್ನ ಎದೆಗಿಟ್ಕೊಂಡು ಇಳಿಸ್ಕೊಂಡು ಬರ್ತೀನಿ.

ನಿನ್ನ ಮಗಳು ಒದಿಲ್